ಬದನೆ ಗಿಡದ ಬಾಣಂತನ

ಹೋದ ವಾರ ಒಂದು ಎಲೆ ನಮ್ಮ ಮನೆಗೆ ಬಂತು. ಮೆಣಸಿನ ಗಿಡದ ಎಲೆ, ತುದಿಯ ಎಳೆಯದು. ನರಗಳು ಮಾತ್ರ ಹಸಿರು. ನರನರಗಳ ನಡುವಿನ ಜಾಗವೆಲ್ಲ ಹಳದಿ. ಹಳದಿ ಖಣದ ಮೇಲೆ ಯಾರೋ ಹಸಿರು ದಾರದಲ್ಲಿ ಕಸೂತಿ ಹಾಕಿದ ಹಾಗಿತ್ತು. ನೋಡಲು ಚೆಂದ. ಗಿಡದ ಮಟ್ಟಿಗೆ ಅದು ಉಪವಾಸದ ಗುರುತು.

ತಂದವಳು ಮೇಲಿನ ಮನೆಯ ಹುಡುಗಿ. ಮೈಸೂರಿನ ಕಡೆಯವಳು, ವಿಮಾನ ನಗರದಲ್ಲಿ ಕೆಲಸ. ಪುಣೆಯ ಈ ತುದಿಯ ನಮ್ಮ ಕಾತ್ರಜದಿಂದ ಆ ತುದಿಗೆ ಹೋಗಿ ಬರುವುದರಲ್ಲಿ ಅರ್ಧ ಆಯುಷ್ಯ ಕಳೆದು, ಉಳಿದ ಅರ್ಧದಲ್ಲಿ ಬಾಲ್ಕನಿಯಲ್ಲಿ ಮೆಣಸಿನಕಾಯಿ ಬೆಳೆಯುತ್ತಾಳೆ.

"ಅಂಕಲ್, ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡ್ದೆ. ನೈಂಟಿ ಪರ್ಸೆಂಟ್ ಐರನ್ ಡೆಫಿಷಿಯನ್ಸಿ ಅಂತ ತೋರಿಸ್ತಿದೆ. ಮಿಕ್ಕಿದ್ ಟೆನ್ ಪರ್ಸೆಂಟ್ ನೀವು ಹೇಳ್ಬಿಡಿ" ಎಂದಳು.

ಹತ್ತು ಪಾಲನ್ನಾದರೂ ನನಗೆ ಉಳಿಸಿದ ಆ ಯಂತ್ರದ ದೊಡ್ಡ ಮನಸ್ಸಿಗೆ ಒಳಗೊಳಗೇ ಕೈಮುಗಿದು, ಕನ್ನಡಕ ಹಾಕಿಕೊಂಡು, ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಷ್ಟೇ. ಹುಡುಗಿ ಏನೋ ಹೇಳುತ್ತಲೇ ಇದ್ದಳು, ನನಗೆ ಕೇಳಿಸಲಿಲ್ಲ. ನನಗೆ ವೈನಿ ನೆನಪಾಗಿದ್ದರು...

ವೈನಿ ಎಂದರೆ ಅತ್ತಿಗೆ. ನಮ್ಮ ಕಟ್ಟಡದ ನೆಲಮಹಡಿಯಲ್ಲಿದ್ದ ಆಕೆಯನ್ನು ನಾನು ಹಾಗೆ ಕರೆಯುತ್ತಿದ್ದೆ. ಆಕೆ ನನ್ನನ್ನು 'ಅಣ್ಣಾರ' ಎನ್ನುತ್ತಿದ್ದರು. ಅಣ್ಣನಾದವನು ತಂಗಿಯನ್ನೇ ಅತ್ತಿಗೆ ಎನ್ನುವುದು ಯಾವ ವಂಶವೃಕ್ಷಕ್ಕೂ ಹೊಂದುವ ಮಾತಲ್ಲ. ಆದರೆ ನೀರಿನ ಟ್ಯಾಂಕರಿನವನಿಂದ ಹಿಡಿದು ಲಿಫ್ಟಿನ ಕನ್ನಡಿಯವರೆಗೆ ಎಲ್ಲವೂ ಮರಾಠಿಯಲ್ಲೇ ಉಸಿರಾಡುವ ಕಟ್ಟಡದಲ್ಲಿ ಎರಡು ಕನ್ನಡದ ಮನೆಗಳು ಸಿಕ್ಕಿಬಿಟ್ಟರೆ ಸಂಬಂಧ ಮೊದಲು ಆಗುತ್ತದೆ, ಅದರ ತರ್ಕ ಆಮೇಲೆ ನಿಧಾನವಾಗಿ ಬರುತ್ತದೆ. ನಮ್ಮದರಲ್ಲಿ ಕೊನೆಗೂ ಬರಲಿಲ್ಲ.

ಅವರು ಕಲಬುರಗಿಯ ಕಡೆಯವರು. ವೈನಿಯ ಯಜಮಾನರು ಚಿಕ್ಕಂದಿನಲ್ಲಿ ಗಾರೆ ಕೆಲಸಕ್ಕೆಂದು ಪುಣೆಗೆ ಬಂದು, ಆಮೇಲೆ ಒಂದು ಕಾರ್ಖಾನೆ ಸೇರಿ, ಯಂತ್ರದ ಮುಂದೆ ನಿಂತವರು ನಿಂತಲ್ಲೇ ನಿವೃತ್ತರಾದವರು. ಮಕ್ಕಳಿರಲಿಲ್ಲ. ವೈನಿ ಗುಂಡಗೆ, ಕಪ್ಪಗೆ, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಮೆಟ್ಟಿಲ ಬುಡದಲ್ಲಿ ಕೂತಿರುತ್ತಿದ್ದರು. ತಾಂಬೂಲ ತುಂಬಿದ ಬಾಯಿಯಿಂದಲೇ ಮರಾಠಿ, ಹಿಂದಿ, ಕನ್ನಡ ಮೂರನ್ನೂ ಆಡುತ್ತಿದ್ದುದರಿಂದ ಮೂರೂ ಒಂದೇ ಭಾಷೆಯಂತೆ ಕೇಳುತ್ತಿದ್ದವು. ನಮ್ಮ ಕಟ್ಟಡದಲ್ಲಿ ರಾಷ್ಟ್ರೀಯ ಏಕತೆ ಎಂಬುದು ಏನಾದರೂ ಇದ್ದಿದ್ದರೆ ಅದು ಅಲ್ಲಿತ್ತು.

ಇನ್ನು ನನ್ನ ಅರ್ಹತೆ. ಸೋಲಾಪುರದ ರೈಲು ದಾರಿಯಲ್ಲಿ ದೌಂಡದ ಆಚೆಯ ಒಂದು ಸಕ್ಕರೆ ಕಾರ್ಖಾನೆಯ ಮಣ್ಣು ಪರೀಕ್ಷೆಯ ಕೋಣೆಯಲ್ಲಿ ನಾನು ಆಯುಷ್ಯ ಸವೆಸಿದವನು. ರೈತರು ಚೀಲದಲ್ಲಿ ಮಣ್ಣು ತರುತ್ತಿದ್ದರು, ಬುದ್ಧಿವಂತರು ಜೊತೆಗೆ ಎಲೆಯನ್ನೂ ತರುತ್ತಿದ್ದರು. ನಿವೃತ್ತನಾಗಿ ಇಲ್ಲಿಗೆ ಬಂದ ಮೇಲೆ ಕಟ್ಟಡದ ಸಮಸ್ತ ಕುಂಡಗಳೂ ನನ್ನ ನ್ಯಾಯಪೀಠದ ವ್ಯಾಪ್ತಿಗೆ ಬಂದವು. ಒಣಗಿದ ತುಳಸಿ, ಮುನಿದ ಕರಿಬೇವು, ಕಾಯಿ ಕಟ್ಟದ ಟೊಮೆಟೊ, ಎಲ್ಲವೂ ಕಟಕಟೆಗೆ ಬರುತ್ತಿದ್ದವು. ನಾನು ಬೆಳಗಿನ ಚಹಾ ಮುಗಿಸಿ ಗಂಭೀರವಾಗಿ ವಿಚಾರಣೆ ನಡೆಸುತ್ತಿದ್ದೆ. ನಮ್ಮ ಮನೆಯವಳಿಗೆ ಮಾತ್ರ ಈ ಪೀಠದ ಮೇಲೆ ಗೌರವ ಇರಲಿಲ್ಲ.

"ಎಲಿ ಹಳದಿ ಆಗಿದ್ದು ಈ ಮನಷ್ಯಾಗ ಮೂರನೇ ಮಜಲಿನಿಂದ ಕಾಣ್ತದ, ಗ್ಯಾಸ್ ಮುಗದಿದ್ದು ಮಗ್ಗಲದಾಗ ಕುಂತ್ರೂ ಕಾಣಂಗಿಲ್ಲ" ಎನ್ನುತ್ತಿದ್ದಳು.

ಈ ವಿಚಾರಣೆಯಲ್ಲಿ ಮೊದಲ ಪ್ರಶ್ನೆ ಒಂದೇ: ಹಳದಿಯಾದದ್ದು ಮೇಲಿನ ಎಲೆಯೋ, ಕೆಳಗಿನದೋ? ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಗಿಡ ಎಂಬುದು ಒಂದು ಅವಿಭಕ್ತ ಕುಟುಂಬ. ಸಾರಜನಕ ಕಡಿಮೆ ಬಿದ್ದರೆ ಅದು ಹಿರಿಯರ ತಟ್ಟೆಯಿಂದ ತೆಗೆದು ಕಿರಿಯರಿಗೆ ಬಡಿಸುತ್ತದೆ. ಹಾಗಾಗಿ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಪೊಟ್ಯಾಶ್ ಇಲ್ಲದಾಗಲೂ ಸೋಲುವುದು ಹಿರಿಯರೇ, ಆದರೆ ಅಂಚಿನಿಂದ ಸುಟ್ಟುಕೊಂಡು ಬರುತ್ತಾರೆ. ರಂಜಕ ಸಾಲದಿದ್ದರೆ ಎಲೆ ನೇರಳೆಗೆ ತಿರುಗಿ ಮುಖ ಊದಿಸಿಕೊಳ್ಳುತ್ತದೆ. ಕಬ್ಬಿಣದ ಸ್ವಭಾವವೇ ಬೇರೆ. ಒಂದು ಎಲೆಯೊಳಗೆ ಸೇರಿದ ಕಬ್ಬಿಣ ಅಲ್ಲಿಂದ ಏಳುವುದಿಲ್ಲ. ಹಿರಿಯರ ಹತ್ತಿರ ಇದ್ದರೂ ಕಿರಿಯರಿಗೆ ದಕ್ಕುವುದಿಲ್ಲ. ಕೆಳಗೆಲ್ಲ ಹಸಿರಿದ್ದು ತುದಿಯ ಎಳೆ ಎಲೆ ಮಾತ್ರ ಹಳದಿ ಕಸೂತಿಯಾದರೆ, ಅದು ಕಬ್ಬಿಣ. ಇದಕ್ಕಿಂತ ಹೆಚ್ಚಿನ ಗುಟ್ಟು ನನ್ನ ಬಳಿ ಆಗಲೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ, ಸಂಕ್ರಾಂತಿಯ ಎಳ್ಳು ಬೆಲ್ಲ ಮುಗಿದ ಸಮಯ. ವೈನಿ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಮೇಲೆ ಬಂದರು.

"ಅಣ್ಣಾರ, ಒಂದ್ ಎಲಿ ನೋಡ್ತೀರೇನ್ರಿ?"

ಬದನೆಯ ಎಲೆ. ನಾನು ಪೀಠದಲ್ಲಿ ನೆಟ್ಟಗೆ ಕೂತು ಮೊದಲ ಪ್ರಶ್ನೆ ಹಾಕಿದೆ: "ಮ್ಯಾಲಿಂದೋ, ಕೆಳಗಿಂದೋ?"

"ನಡುವಿಂದ್ರಿ."

ಇಂಥ ಉತ್ತರ ನನ್ನ ವೃತ್ತಿಜೀವನದಲ್ಲೇ ಬಂದಿರಲಿಲ್ಲ. "ನಡುವಿಂದ್ಯಾಕ ತಂದ್ರಿ, ವೈನಿ?"

"ಮ್ಯಾಲಿಂದು ಹರದ್ರ ಗಿಡಕ್ಕ ನೋವಾಗ್ತದ. ಕೆಳಗಿಂದು ಭಾಳ ಹಳೇದು, ನಿಮ್ಮ ಮುಂದ ತರಾಕ ಛಂದ ಕಾಣಂಗಿಲ್ಲ. ಅದಕ್ಕ ನಡುವಿಂದು ಒಂದು ಛಲೋದ್ ನೋಡಿ ತಂದೀನಿ."

ಡಾಕ್ಟರ ಹತ್ತಿರ ಹೋಗುವಾಗ ರೋಗಿಗೆ ಇಸ್ತ್ರಿ ಅಂಗಿ ಹಾಕಿಸಿ ಕರೆದೊಯ್ಯುವ ಜನ ನಾವು. ನಗುತ್ತಲೇ ಅವರ ಹಿಂದೆ ಇಳಿದು ಹೋದೆ.

ಕಟ್ಟಡಕ್ಕೂ ಕಂಪೌಂಡ್ ಗೋಡೆಗೂ ನಡುವಿನ ಓಣಿಯಂಥ ಜಾಗ. ಅಲ್ಲಿ ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮುಗಳು, ಬಣ್ಣದ ಖಾಲಿ ಬಕೆಟುಗಳು, ಒಂದೊಂದರಲ್ಲಿ ಒಂದೊಂದು ಬದನೆ ಗಿಡ. ಮುಳ್ಳಿನ ಗಿಡಗಳು, ಊರ ತಳಿ. ಕೆಳಗಿನ ಎಲೆಗಳು ಗಾಢ ಹಸಿರು. ತುದಿಗಳು ಮಾತ್ರ ನಿಂಬೆಹಣ್ಣಿನ ಬಣ್ಣಕ್ಕೆ ಬಂದು, ಹೂವಿನ ಮೊಗ್ಗು ಬಟಾಣಿಯಷ್ಟಾಗುವ ಮೊದಲೇ ಉದುರುತ್ತಿದ್ದವು. ಓಣಿಯ ಕಡೆಗಿದ್ದ ಕಿಟಕಿಯಲ್ಲಿ ಯಜಮಾನರ ಮುಖ ಕಾಣುತ್ತಿತ್ತು. ಆ ಕಿಟಕಿಗೆ ಹೊಂದಿಸಿಯೇ ವೈನಿ ಡ್ರಮ್ಮುಗಳನ್ನು ಇಟ್ಟಿದ್ದರು.

ಯಜಮಾನರಿಗೆ ದಸರೆಗೆ ಮುಂಚೆ ಹೊಟ್ಟೆಯ ಆಪರೇಷನ್ ಆಗಿತ್ತು. ಕರುಳಿನ ಒಂದು ಭಾಗವನ್ನು ತೆಗೆದಿದ್ದರು. ಅಂದಿನಿಂದ ಅವರಿಗೆ ಊಟವೆಂದರೆ ಒಂದು ಶಿಕ್ಷೆ. ಗಂಜಿ ಕೊಟ್ಟರೆ ಎರಡು ಚಮಚ, ಬೇಳೆಯ ಕಟ್ಟು ಕೊಟ್ಟರೆ ಒಂದು. ಒಳಗೆ ಹೋದದ್ದೂ ಮೈಗೆ ಹತ್ತುತ್ತಿರಲಿಲ್ಲ. ದಪ್ಪ ಹಗ್ಗದಂತಿದ್ದ ಆಳು ಬಿಚ್ಚಿದ ಹುರಿಯಂತಾಗಿದ್ದರು. ಅವರು ಬಾಯಿಬಿಟ್ಟು ಕೇಳಿದ್ದು ಒಂದೇ ವಸ್ತು: ಊರ ಬದನೆಕಾಯಿಯ ಎಣಗಾಯಿ, ಜೋಳದ ರೊಟ್ಟಿ. ವೈನಿ ಪೇಟೆಯ ಬದನೆ ತಂದು ಮಾಡಿಕೊಟ್ಟರು. ಅವರು ಮೂಸಿ ನೋಡಿ ತಟ್ಟೆ ಸರಿಸಿದರು. "ಇದು ಬದನೀಕಾಯಿ ಅಲ್ಲ, ಬದನೀಕಾಯಿ ಫೋಟೋ" ಎಂದರಂತೆ. ಡಾಕ್ಟರನ್ನು ಕೇಳಿದರೆ, ಏನು ತಿನ್ನುತ್ತಾರೋ ತಿನ್ನಲಿ ಅಂದರು. ಡಾಕ್ಟರುಗಳು ಹೀಗೆ ಉದಾರವಾಗಿ ಮಾತಾಡಿದಾಗ ನನಗೆ ಭಯ ಹುಟ್ಟುತ್ತದೆ. ವೈನಿಗೆ ಹಾಗೇನೂ ಅನ್ನಿಸಲಿಲ್ಲ. ತಮ್ಮನಿಗೆ ಹೇಳಿ ಊರಿನಿಂದ ಬೀಜ ತರಿಸಿ, ದಸರೆಯಾದ ಮೇಲೆ ಬಿತ್ತಿದ್ದರು.

"ಒಂದ್ ಸಲ ಎದ್ದ ಕುಂತು ಎಣಗಾಯಿ ಉಣ್ಣಲಿ, ಅಣ್ಣಾರ. ಆಮ್ಯಾಗ ದೇವ್ರು ಏನ್ ಮಾಡ್ತಾನೋ ಮಾಡ್ಲಿ" ಎಂದರು ವೈನಿ.

ಕಿಟಕಿಯಿಂದ ಯಜಮಾನರು ಕೇಳಿದರು: "ಏನ್ ಸಾಹೇಬ್ರ, ಪೇಶಂಟ್ ಹೆಂಗದ?"

"ಕಬ್ಬಿಣ ಕಮ್ಮಿ ಆಗ್ಯಾದ್ರಿ."

"ನೀವೇ ಛಲೋ ನೋಡ್ರಿ. ಎಲಿ ನೋಡಿ ಹೇಳ್ತೀರಿ. ನಮ್ಮ ಡಾಕ್ಟರ್ ನನ್ನ ಮುಖಾನೇ ನೋಡಂಗಿಲ್ಲ, ಮಶಿನ್‌ನ್ಯಾಗ ಹಾಕಿ ಮಶಿನ್ನ ಕೇಳ್ತಾನ."

ಕಾರಣ ಕಣ್ಣಿಗೇ ಕಾಣುವಂತಿತ್ತು. ಕಟ್ಟಡ ಕಟ್ಟಿದವನು ಬಿಟ್ಟುಹೋದ ಮಣ್ಣು ಅದು. ಸಿಮೆಂಟು, ಗಾರೆಯ ಚೂರು ಅದರಲ್ಲಿ ಬೇಕಾದಷ್ಟು. ಮೇಲೆ ಕೊಳವೆಬಾವಿಯ ಗಡಸು ನೀರು. ಬಕೆಟಿನ ಅಂಚಿಗೆ ಬಿಳಿ ಪೊರೆ ಕಟ್ಟುವಂಥದು. ಇಂಥಲ್ಲಿ ಕಬ್ಬಿಣ ಮಣ್ಣಿನಲ್ಲಿದ್ದರೂ ಕರಗುವುದಿಲ್ಲ. ನಾನು ತೀರ್ಪು ಕೊಟ್ಟೆ: ಅನ್ನಭೇದಿ, ಅಂದರೆ ಕಬ್ಬಿಣದ ಹಸಿರು ಉಪ್ಪು, ಅದನ್ನು ನೀರಿಗೆ ತೆಳ್ಳಗೆ ಕರಗಿಸಿ, ನಿಂಬೆರಸ ಹಿಂಡಿ, ಬಿಸಿಲಿಳಿದ ಮೇಲೆ ಎಲೆಗಳಿಗೆ ಸಿಂಪಡಿಸಬೇಕು. ಬೇರಿಗೆ ದಾರಿ ಇಲ್ಲದಾಗ ಎಲೆಯ ಬಾಯಿಂದಲೇ ಉಣಿಸುವುದು.

ವಾರ ಕಳೆಯುವುದರೊಳಗೆ ತುದಿಗಳು ಹಸಿರಾದವು. ವೈನಿ ನನಗೆ ಒಂದು ಬಟ್ಟಲು ಶೇಂಗಾ ಹೋಳಿಗೆ ಕೊಟ್ಟು ಕಳಿಸಿದರು. ನಾನು ಅದನ್ನು ವೃತ್ತಿಯ ಗೌರವಧನವೆಂದು ಸ್ವೀಕರಿಸಿದೆ. ಹೋಳಿಗೆ ಮುಗಿಯುವಷ್ಟರಲ್ಲಿ ಹೊಸ ಎಲೆಗಳು ಬಂದವು, ಹಳದಿಯಾಗಿಯೇ. ಮತ್ತೆ ಸಿಂಪಡಿಸಿದೆ. ಸಿಂಪಡಿಸಿದ ಎಲೆ ಹಸಿರು, ಆಮೇಲೆ ಹುಟ್ಟಿದ ಎಲೆ ಹಿಂದಿನದಕ್ಕಿಂತ ಹಳದಿ. ಇನ್ನೊಮ್ಮೆ... ಈಗ ತುದಿಗಳು ಹಳದಿಯೂ ಅಲ್ಲ, ಕಾಗದದಂತೆ ಬಿಳಿಚಿಕೊಂಡು ಬರತೊಡಗಿದವು. ಗೋಡೆಯ ಆಚೆ ಬದಿಯಲ್ಲಿ ಅದೇ ಮಣ್ಣಿನಲ್ಲಿ, ಅದೇ ನೀರಿನಲ್ಲಿ ವಾಚ್‌ಮನ್ ಬೆಳೆದ ಬೆಂಡೆ ಸುಮಾರಾಗಿಯೇ ಇತ್ತು. ನೀರೂ ಮಣ್ಣೂ ಮಾಡದ ಅನ್ಯಾಯವನ್ನು ಇಲ್ಲಿ ಇನ್ಯಾರೋ ಮಾಡುತ್ತಿದ್ದರು.

ಹಳೆಯ ಕೋಣೆಯಲ್ಲಾಗಿದ್ದರೆ ಮಣ್ಣಿಗೆ ಆ್ಯಸಿಡ್ ಹನಿಸಿ ನೋಡುತ್ತಿದ್ದೆವು. ಇಲ್ಲಿ ಅಡುಗೆಮನೆಯಿಂದ ಒಂದು ನಿಂಬೆಹಣ್ಣು ಎತ್ತಿಕೊಂಡು ಹೋದೆ.

"ಉಪ್ಪಿಟ್ಟಿಗೆ ಇಟ್ಟಿದ್ದೇ ಅದೊಂದು" ಎಂದು ಹಿಂದಿನಿಂದ ಕೂಗು ಬಂತು. ವಿಜ್ಞಾನಕ್ಕೆ ಹಿಂದಿನ ಕಾಲದಲ್ಲೂ ಮನೆಯಿಂದ ಪ್ರೋತ್ಸಾಹ ಸಿಕ್ಕಿರಲಿಲ್ಲ.

ಡ್ರಮ್ಮಿನ ಮಣ್ಣನ್ನು ಸ್ವಲ್ಪ ಕೆದಕಿ ನಿಂಬೆಯನ್ನು ಹಿಂಡಿದೆ. ಮಣ್ಣು ಉಕ್ಕಿತು. ಸೋಡಾದಂತೆ ಬುರುಬುರು ನೊರೆ ಬಂತು. ಬೆರಳಾಡಿಸಿದೆ, ಬೇರಿನ ಸುತ್ತ ಬಿಳಿಬಿಳಿ ಹೆಂಟೆ.

"ವೈನಿ, ಇದರಾಗ ಸುಣ್ಣ ಎಲ್ಲಿಂದ ಬಂತು?"

"ನಾನೇ ಹಾಕೀನ್ರಿ" ಎಂದರು ವೈನಿ, ಇದರಲ್ಲಿ ಕೇಳುವುದೇನಿದೆ ಎನ್ನುವ ದನಿಯಲ್ಲಿ.

"ಸುಣ್ಣ ಯಾಕ?"

"ಬಾಣಂತಿಗೆ ಎಲಿ ಅಡಕಿ ಸುಣ್ಣ ಕೊಡೂದಿಲ್ಲೇನ್ರಿ? ನಡ ಗಟ್ಟಿ ಆಗ್ಲಿ ಅಂತ. ಕಾಯಿ ಹಿಡಿಯೂ ಗಿಡ ಅಂದ್ರ ಬಾಣಂತಿ ಇದ್ದಂಗ. ಎಲಿ ಅಡಕಿ ಅಂತೂ ತಿನ್ನಂಗಿಲ್ಲ, ಸುಣ್ಣರ ತಿನ್ನಲಿ ಅಂತ ಹಾಕೀನಿ. ದಿನಾ ಬೆರಳಿಲೆ ಒಂದೊಂದು ಡ್ರಮ್ಮಿಗೆ, ನೀರಾಗ ಕಲಿಸಿ."

ಆಗ ನನಗೆ ಹೊಳೆಯಿತು. ಎಷ್ಟೋ ದಿನದಿಂದ ವೈನಿಯ ತುಟಿ ಕೆಂಪಗಿರಲಿಲ್ಲ. ನಮ್ಮ ಮನೆಯವಳು ಆಗಲೇ ಗಮನಿಸಿ, "ವೈನಿ ಎಲಿ ಹಾಕ್ಕೊಳ್ಳೂದು ಬಿಟ್ಟಾರ, ಕೇಳಿದ್ರ ಹೇಳವಲ್ರು" ಎಂದಿದ್ದಳು. ಕಾರಣವನ್ನು ವೈನಿ ಈಗ ಹೇಳಿದರು. ಯಜಮಾನರು ಎದ್ದು ಕೂತು ಎಣಗಾಯಿ ಉಣ್ಣುವ ತನಕ ಎಲೆ ಅಡಿಕೆ ಮುಟ್ಟುವುದಿಲ್ಲ ಎಂದು ಮನೆದೇವರಿಗೆ ಹರಕೆ ಹೊತ್ತಿದ್ದರು. ಮೂಲೆಯ ಪಾನ್ ಟಪರಿಯವನು, ನಮ್ಮ ಮಾತಲ್ಲಿ ಬೀಡಾ ಗೂಡಂಗಡಿಯವನು, ಇದನ್ನರಿಯದೆ ವರ್ಷಾನುವರ್ಷದ ಪದ್ಧತಿಯಂತೆ ಎಲೆ, ಅಡಿಕೆ, ಸುಣ್ಣದ ಡಬ್ಬಿ ಕಳಿಸುತ್ತಲೇ ಇದ್ದ. ವೈನಿ ಬೇಡವೆನ್ನಲಿಲ್ಲ. ಎಲೆ ಅಡಿಕೆ ದೇವರ ಮುಂದೆ, ಸುಣ್ಣ ಗಿಡಕ್ಕೆ.

"ನನ್ನ ಬಾಯಿಂದು ಅದರ ಬಾಯಿಗಿ ಹೋಗ್ಲಿ ಅಂತ್ರಿ" ಎಂದರು.

ನಲ್ಲಿಯ ಕೆಳಗೆ ಕೈ ತೊಳೆಯುತ್ತ, ಶಾಲೆಯ ಮಾಸ್ತರನಂತೆ ನಾನು ವಿವರಿಸಿದೆ. ಸುಣ್ಣ ಹೆಚ್ಚಿದಷ್ಟೂ ಕಬ್ಬಿಣ ಗಟ್ಟಿಯಾಗಿ ಕೂತುಬಿಡುತ್ತದೆ. "ಮಣ್ಣಾಗ ಕಬ್ಬಿಣ ಅದ ವೈನಿ, ಬೇಕಾದಷ್ಟ ಅದ. ಗಿಡ ಅದರಾಗೇ ನಿಂತದ. ಆದ್ರ ಬೇರಿಗಿ ತಗೊಳಾಕ ಬರವಲ್ದು."

ವೈನಿ ಡ್ರಮ್ಮಿನ ಅಂಚು ಹಿಡಿದು ನಿಂತರು. ನಾನು ಅವರಿಗೆ ಬೇಸರವಾಯಿತೇನೋ ಎಂದುಕೊಂಡೆ.

"ಇವರಿಗೂ ಡಾಕ್ಟರ್ ಹಿಂಗ ಅಂದ್ರು ನೋಡ್ರಿ" ಎಂದರು, ಕಿಟಕಿಗೆ ಕೇಳಿಸದಷ್ಟು ಮೆಲ್ಲಗೆ. "ಎಷ್ಟ ಕೊಟ್ರೂ ಕರುಳಿಗಿ ತಗೊಳಾಕ ಬರಂಗಿಲ್ಲ ಅಂತ."

ನಾನು ನಲ್ಲಿ ನಿಲ್ಲಿಸಿದೆ.

"ಗಿಡಕ್ಕ ಔಷಧ ಅದಲ್ರಿ, ಅಣ್ಣಾರ?"

"ಅದರಿ. ಮಣ್ಣು ಬದ್ಲಿ ಮಾಡಬೇಕು."

"ಹಂಗಾರ ಗಿಡಕ್ಕರ ಮಾಡ್ರಿ."

ಮಾಡಿದೆವು. ನರ್ಸರಿಯಿಂದ ಕೆಂಪು ಮಣ್ಣು, ಹಳೆಯ ಸಗಣಿ ಗೊಬ್ಬರ ತರಿಸಿದೆ. ಒಂದು ಇಳಿಹೊತ್ತು ನಾನು, ನಮ್ಮ ಮನೆಯವಳು, ವೈನಿ ಮೂವರೂ ಓಣಿಯಲ್ಲಿ ಕೂತು ಗಿಡಗಳನ್ನು ಎಬ್ಬಿಸಿ, ಬೇರು ತೊಳೆದು, ಹೊಸ ಮಣ್ಣಿಗೆ ಇಳಿಸಿದೆವು. ಹೂ ಬಿಡುವ ವಯಸ್ಸಿನ ಬದನೆಯನ್ನು ಹೀಗೆ ಕಿತ್ತು ನೆಡಬಾರದೆಂದು ಯಾವ ಪುಸ್ತಕದಲ್ಲಿ ನೋಡಿದರೂ ಇದೆ. ಹಳೆಯ ಮಣ್ಣಿನಲ್ಲಿ ಬಿಟ್ಟರೆ ಕಾಯಿಯಾಗದೆಂಬುದೂ ಅಷ್ಟೇ ನಿಜ. ಯಜಮಾನರು ಕಿಟಕಿಯಿಂದ ಮೇಲ್ವಿಚಾರಣೆ ಮಾಡಿದರು.

"ಸಾಹೇಬ್ರ, ಆಪರೇಷನ್ ಆದಮ್ಯಾಗ ನೀರು ಕೊಡಾಕ ಯಾವಾಗ ಹೇಳ್ತೀರಿ? ನನಗಂತೂ ಎರಡ ದಿನ ಹನಿ ಮುಟ್ಟಸಲಿಲ್ಲ."

"ಇವಕ್ಕ ಈಗ್ಲೇ ಕೊಡೂದ್ರಿ."

"ಪುಣ್ಯಾ ಮಾಡ್ಯಾವ" ಎಂದರು ಯಜಮಾನರು.

ಕೆಲವು ಗಿಡಗಳು ಮರುದಿನವೇ ತಲೆ ಬಾಗಿಸಿ ಮತ್ತೆ ಎತ್ತಲಿಲ್ಲ. ಉಳಿದವು ಬಹಳ ದಿನ ಅತ್ತ ಸಾಯದೆ ಇತ್ತ ಬೆಳೆಯದೆ ನಿಂತವು. ನಾನು ದಿನಾ ಬೆಳಗ್ಗೆ ಎದ್ದವನೇ ಕೆಳಗಿಳಿದು ತುದಿ ನೋಡುತ್ತಿದ್ದೆ. ಆಮೇಲೆ ಕಿಟಕಿಯ ಕಡೆ ನೋಡುತ್ತಿದ್ದೆ. ಕಿಟಕಿಯೊಳಗಿನ ಮುಖ ದಿನದಿನಕ್ಕೆ ಕಿಟಕಿಗಿಂತ ಸಣ್ಣದಾಗುತ್ತಿತ್ತು. ಗಿಡ, ಕಾಯಿಲೆ ಎರಡರಲ್ಲಿ ಯಾವುದು ಮುಂದೆ ಓಡುತ್ತಿದೆ ಎಂಬುದು ನನಗೂ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು ಎನ್ನಿಸುತ್ತದೆ. ವೈನಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಎಲೆಯಲ್ಲಿ ಇಂಥದೇ ಕೊರತೆ ಎಂದು ಬೆರಳಿಟ್ಟು ತೋರಿಸುವುದು, ತೋರಿಸಿ ಕಾಯುವುದು... ನನ್ನ ಕಸುಬಿನ ಒಟ್ಟು ಬಲ ಅಷ್ಟೇ. ಕಾರ್ಖಾನೆಯಲ್ಲಿದ್ದಾಗ ಇದು ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಅಲ್ಲಿ ವರದಿ ಬರೆದು ಸಹಿ ಹಾಕಿದರೆ ಕಾಯುವ ಕೆಲಸ ರೈತನದಾಗುತ್ತಿತ್ತು.

ಹೋಳಿಯ ಹೊತ್ತಿಗೆ ಒಂದು ಗಿಡದ ತುದಿ ಹಸಿರಾಗಿಯೇ ಹುಟ್ಟಿತು. ಸಿಂಪಡಿಸದೆ, ತಾನಾಗಿ. ಆಮೇಲೆ ಇನ್ನೊಂದು. ನೇರಳೆ ಹೂವು ನಿಂತಿತು, ಉದುರಲಿಲ್ಲ. ವೈನಿ ಅದನ್ನು ಮುಟ್ಟಲು ಹೆದರಿ ಗಾಳಿಯಲ್ಲೇ ಬೆರಳು ತೋರಿಸಿ, "ನಿಂತದ್ರಿ, ಅಣ್ಣಾರ, ನಿಂತದ!" ಎಂದು ಓಣಿಯಿಂದಲೇ ಕೂಗಿದರು. ಮೇಲಿನ ಮಹಡಿಗಳಿಂದ ಮರಾಠಿ ತಲೆಗಳು, ಏನೋ ಅವಘಡವಾಯಿತೆಂದು, ಒಂದೊಂದಾಗಿ ಹೊರಬಂದವು.

ಯುಗಾದಿಯಾದ ಮೇಲೆ ಒಂದು ಮಧ್ಯಾಹ್ನ ವೈನಿ ನಮ್ಮಿಬ್ಬರನ್ನೂ ಕರೆದರು. ಮುಷ್ಟಿಯಷ್ಟು ಎಳೆಗಾಯಿಗಳು, ಹಸಿರು ಮೈ, ಬಿಳಿ ಗೆರೆ. ಗುರೆಳ್ಳು, ಶೇಂಗಾಪುಡಿ ತುಂಬಿ ಎಣಗಾಯಿ ಮಾಡಿದ್ದರು. ಮನೆಯೆಲ್ಲ ಆ ಪರಿಮಳ. ಯಜಮಾನರನ್ನು ಗೋಡೆಗೆ ದಿಂಬು ಒರಗಿಸಿ ಕೂಡಿಸಿದ್ದರು. ವೈನಿ ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ಮಾಡಿ, ಅದರಲ್ಲಿ ಪಲ್ಯ ಸುತ್ತಿ ಬಾಯಿಗೆ ಕೊಟ್ಟರು. ಅವರು ಕಣ್ಣು ಮುಚ್ಚಿ ಅಗಿದರು. ಎಷ್ಟು ಹೊತ್ತು ಅಗಿದರೆಂದರೆ ಮಧ್ಯದಲ್ಲಿ ನಿದ್ದೆ ಹೋದರೇನೋ ಎಂದು ನನಗೆ ಅನುಮಾನ ಬಂತು. ನುಂಗಿದರು. ಇನ್ನೊಂದು ತುತ್ತು. ಅದನ್ನೂ ನುಂಗಿದರು. ನಾವು ಮೂವರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಅವರ ಬಾಯನ್ನೇ ನೋಡುತ್ತಿದ್ದೆವು.

"ಉಪ್ಪು ಕಮ್ಮಿ ಆಗ್ಯಾದ" ಎಂದರು ಯಜಮಾನರು.

ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಎಷ್ಟು ತಿಂಗಳ ಮೇಲೆ ಆ ಮನೆಯಲ್ಲಿ ಅಡುಗೆಗೆ ಒಂದು ಕೊಂಕು ಮಾತು ಸಿಕ್ಕಿತ್ತು! "ನೋಡ್ರಿ, ನೋಡ್ರಿ, ಹಳೇ ಚಾಳಿ! ಲಗ್ನ ಆದ ದಿನದಿಂದ ಇದೇ ಹಾಡು!" ಎಂದು ನಮ್ಮವಳ ತೋಳು ಹಿಡಿದು ನಕ್ಕರು, ನಗುತ್ತ ಕೂತುಬಿಟ್ಟರು.

ಮೂರನೆಯ ತುತ್ತಿಗೆ ಯಜಮಾನರು ತಲೆ ಅಲ್ಲಾಡಿಸಿದರು. ಸಂಜೆಯ ಹೊತ್ತಿಗೆ ತಿಂದದ್ದು ಉಳಿಯಲಿಲ್ಲವೆಂದು ಆಮೇಲೆ ತಿಳಿಯಿತು. ಮರುವಾರ ಆಸ್ಪತ್ರೆಗೆ ಹೋದರು. ಮಳೆ ಶುರುವಾಗುವ ಮುಂಚೆಯೇ, ಅಲ್ಲಿಂದಲೇ...

ಗಿಡಗಳಿಗೆ ಇದನ್ನು ಯಾರೂ ಹೇಳಲಿಲ್ಲ. ಮೊದಲ ಮಳೆಗೆ ಅವು ಎದೆಯುದ್ದ ಎದ್ದು ನಿಂತವು. ಎಲೆ ಅಂಗೈ ಅಗಲ, ಕಡುಹಸಿರು. ಕೊರತೆಯ ಒಂದೇ ಒಂದು ಗುರುತು ಹುಡುಕಿದರೂ ಸಿಗುತ್ತಿರಲಿಲ್ಲ. ಕಾಯಿಗಳು ಭಾರಕ್ಕೆ ಜೋತುಬಿದ್ದವು. ವೈನಿ ಕಟ್ಟಡದ ಎಲ್ಲ ಮನೆಗೂ ಹಂಚಿದರು. ನಮ್ಮ ಮನೆಗೂ ಕೊಟ್ಟರು. ನಮ್ಮವಳು ಅದನ್ನು ಮಾಡಿದಳು, ಇಬ್ಬರೂ ಉಂಡೆವು, ಉಪ್ಪು ಸರಿಯಾಗಿಯೇ ಇತ್ತು. ಒಮ್ಮೆ ನಾನು ಓಣಿಯಲ್ಲಿ ಹೋಗುವಾಗ ವೈನಿ ಗಿಡದ ಮುಂದೆ ಕೂತಿದ್ದರು.

"ಈಗ ಭಾಳ ಛಂದ ಬಂದಾವ ನೋಡ್ರಿ, ಅಣ್ಣಾರ" ಎಂದರು. ತಡೆದು, "ಏನ್ ಮಾಡೂದ್ರಿ ಇಷ್ಟ ತಗೊಂಡು?" ಎಂದರು.

ನಾನು, ಇನ್ನು ಗೊಬ್ಬರ ಕಮ್ಮಿ ಮಾಡಿದರೆ ಸಾಕು ಎಂದೇನೋ ಹೇಳಿದೆ. ನನಗೆ ತಿಳಿದದ್ದು ಅದು.

ಶ್ರಾವಣದಲ್ಲಿ ವೈನಿಯನ್ನು ಅವರ ತಮ್ಮ ಬಂದು ಊರಿಗೆ ಕರೆದುಕೊಂಡು ಹೋದ. ಹೊರಡುವ ದಿನ ನಮ್ಮವಳು ಧೈರ್ಯ ಮಾಡಿ, "ಇನ್ನಾರ ಎಲಿ ಅಡಕಿ ಹಾಕ್ಕೋರಿ ವೈನಿ. ಹರಕಿ ಇನ್ನೆಲ್ಲಿಂದು" ಎಂದಳು.

"ಹರಕಿ ಮುಟ್ಟೇದ್ರಿ" ಎಂದರು ವೈನಿ. "ಎದ್ದ ಕುಂತು ಎಣಗಾಯಿ ಉಣ್ಣಲಿ ಅಂದಿದ್ದೆ. ಕುಂತು ಉಂಡ್ರಲ್ಲ. ದೇವ್ರು ಮಾತ ಉಳಿಸ್ಕೊಂಡಾನ. ಎಷ್ಟ ತುತ್ತು ಅಂತ ನಾನೇ ಹೇಳಿರಲಿಲ್ಲ."

ಆ ಮಾತನ್ನು ಅಳದೆ ಹೇಳಿದರು. ಬೇಡಿಕೆಯನ್ನು ಸರಿಯಾಗಿ ಬರೆಯದೆ ಅರ್ಜಿ ಹಾಕಿದವರ ಹಾಗೆ, ತಪ್ಪು ತಮ್ಮದೇ ಎಂಬಂತೆ. ಎಲೆ ಅಡಿಕೆಯನ್ನು ಮಾತ್ರ ಬಾಯಿಗೆ ಹಾಕಿಕೊಳ್ಳಲಿಲ್ಲ. ರಿಕ್ಷಾ ಹತ್ತುವಾಗ ನನ್ನ ಕಡೆ ತಿರುಗಿ, "ದೌಂಡ ಬಂದ್ರ ರೈಲಿನಿಂದ ನಿಮ್ಮ ಫ್ಯಾಕ್ಟರಿ ಕಾಣ್ತದೇನ್ರಿ, ಅಣ್ಣಾರ?" ಎಂದು ಕೇಳಿದರು.

"ಇಲ್ರಿ. ಬರೇ ಕಬ್ಬು ಕಾಣ್ತದ."

"ಹಂಗಾರ ಕಬ್ಬೇ ನೋಡ್ತೀನಿ" ಎಂದರು.

ಊರಿಗೆ ಹೋದ ಮೇಲೆ ಕೆಲವು ಸಲ ಫೋನಿನಲ್ಲಿ ಮಾತಾಡಿದರು. ಅವರ ಹತ್ತಿರ ಫೋನಿರಲಿಲ್ಲ, ತಮ್ಮನದರಿಂದ ಮಾತು. ಆಮೇಲೆ ಹಬ್ಬಕ್ಕೊಮ್ಮೆ. ಆಮೇಲೆ ಹಬ್ಬಕ್ಕೂ ಇಲ್ಲ... ಹೀಗೆ ಯಾವ ಜಗಳವೂ ಇಲ್ಲದೆ ಜನ ದೂರವಾಗುತ್ತಾರೆ.

ಮೇಲಿನ ಮನೆಯ ಹುಡುಗಿಗೆ ಇದಾವುದನ್ನೂ ನಾನು ಹೇಳಲಿಲ್ಲ. ಅವಳ ಕುಂಡಕ್ಕೆ ಅನ್ನಭೇದಿ ಬರೆದುಕೊಟ್ಟೆ. "ನೈಂಟಿ ಪರ್ಸೆಂಟ್ ಆ್ಯಪ್ ಕರೆಕ್ಟಾ ಅಂಕಲ್?" ಎಂದಳು. ನೂರಕ್ಕೆ ನೂರು ಸರಿ ಎಂದೆ. ಅವಳು ಹೋದ ಮೇಲೆ ಎಲೆ ಮೇಜಿನ ಮೇಲೆ ಬಾಡುತ್ತ ಬಿದ್ದಿತ್ತು. ವೈನಿಯನ್ನು ಮಾತಾಡಿಸಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲು ಹೋದೆ, ಹತ್ತಲಿಲ್ಲ. ಫೋನಿನಲ್ಲಿ 'ವೈನಿ ತಮ್ಮ' ಎಂಬ ಹೆಸರು ಹಾಗೇ ಇತ್ತು. ಒತ್ತಿದೆ.

ಗುರುತು ಹೇಳಿದ ಮೇಲೆ ಆ ಕಡೆಯ ದನಿ ಮೆತ್ತಗಾಯಿತು.

"ಅಕ್ಕ ಹೋಗಿ ವರ್ಷ ಆಗ್ಲಿಕ್ಕ ಬಂತ್ರಿ, ಸಾಹೇಬ್ರ. ನಿಮಗ ಹೇಳಬೇಕಂತ ಭಾಳ ಅನ್ಕೊಂಡ್ವಿ. ಫೋನ್ ಬದ್ಲಿ ಆಯ್ತು, ನಿಮ್ಮ ನಂಬರ್ ಹೋಗಿಬಿಡ್ತು."

ನಾನು ಕೂತುಕೊಂಡೆ. "ಏನಾಗಿತ್ರಿ?" ಎಂದು ಕೇಳಿದೆ.

"ಏನೂ ಆಗಿರಲಿಲ್ರಿ. ಸೋಲಾಪುರಕ್ಕ ಒಯ್ದು ತೋರಿಸಿದ್ವಿ, ಎಲ್ಲಾ ಬರೋಬ್ಬರಿ ಅದ ಅಂದ್ರು. ಊಟ ಕೊಟ್ರ ಉಣ್ತಿದ್ಲು. ಇಲ್ಲ ಅಂತಿರಲಿಲ್ಲ. ಸುಮ್ನ ಹಂಗ... ಸೊರಗಿಕೋತ ಬಂದ್ಲು."

ಕಾರಣವಿಲ್ಲದೆ ಯಾವುದೂ ಸೊರಗುವುದಿಲ್ಲ ಎಂಬ ಒಂದೇ ಮಾತನ್ನು ನಂಬಿ ಆಯುಷ್ಯವಿಡೀ ಸಂಬಳ ತೆಗೆದುಕೊಂಡವನು ನಾನು. ಆ ಕಡೆ ತಮ್ಮ ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದ.

"ಹೌದ್ರಿ" ಎಂದೆ.